ಮೂಲದಲ್ಲಿ ಹೀಗೆಯೇ ಇದೆ

ಠಾಣೆಯಲ್ಲಿ ಯಾರಿಗೂ ಕನ್ನಡ ಓದಲು ಬಾರದು.
ಅದಕ್ಕೇ ಶಾಲೆಯಿಂದ ನನ್ನನ್ನು ಕರೆಸಿದ್ದಾರೆ ಮಂಜೇಶ್ವರಕ್ಕೆ,
ಊಟದ ಬೆಲ್ಲು ಹೊಡೆಯುವ ಹೊತ್ತಿಗೆ.

ಹನ್ನೊಂದು ಸಾಲು. ಮೊಬೈಲಿನಿಂದ ತೆಗೆದ ಪ್ರಿಂಟು.
ರಾತ್ರಿ ಒಂದೂ ಹತ್ತಕ್ಕೆ ಹಾಕಿದ್ದಂತೆ,
ಬೆಳಕು ಹರಿಯುವಾಗ ಉಪ್ಪಳ ದಾಟಿತ್ತಂತೆ.
"ಮಲಯಾಳಕ್ಕೆ ಮಾಡಿಕೊಡಿ ಟೀಚರೇ, ಕೋರ್ಟಿಗೆ.
ಒಂದು ಶಬ್ದವೂ ಬಿಡಬೇಡಿ," ಅಂದರು ರೈಟರ್ ಪವಿತ್ರನ್.

ಎದುರು ಬೆಂಚಿನಲ್ಲಿ ನಿಶ್ಮಿತ.
ಪಕ್ಕದಲ್ಲಿ ತಾಯಿ, ಬೀಡಿಯ ಗೆರಸೆ ಬಿಟ್ಟು ಓಡಿ ಬಂದವಳು,
ಬೆರಳಿನಲ್ಲಿ ಇನ್ನೂ ಹೊಗೆಸೊಪ್ಪಿನ ಪುಡಿ.
"ನಾನಲ್ಲ ಟೀಚರ್. ಫೋನು ಯಾರೋ ತೆಗೆದದ್ದು,"
ನೆಲಕ್ಕೆ ಹೇಳುತ್ತಾನೆ.

ಹಸೈನಾರರ ಬೇಕರಿಯ ಗಾಜು ಮಾರ್ಗದ ತುಂಬ.
ಅಳಿಯನ ತಲೆಗೆ ಒಂಬತ್ತು ಹೊಲಿಗೆ.
ಒಲೆಗೆ ಇಟ್ಟ ಬನ್ನು ತೆಗೆಯುವವರಿಲ್ಲದೆ
ಮಧ್ಯಾಹ್ನದವರೆಗೂ ಕರಟಿತು.

ಒಂದು ವರ್ಷ ಕನ್ನಡ ಡಿವಿಷನ್ ಉಳಿಯಲು
ಇಬ್ಬರು ಮಕ್ಕಳು ಕಡಿಮೆ ಬಿದ್ದಿದ್ದರು.
ಕೊಡೆ ಹಿಡಿದು, ಮನೆ ಮನೆ ಹತ್ತಿ, ನಾನೇ ತಂದೆ:
ಒಬ್ಬ ಇವನು. ಇನ್ನೊಬ್ಬಳು ಹಸೈನಾರರ ಮಿಸ್ರಿಯ.
ಇವನ ಪೆನ್ಸಿಲೆಲ್ಲ ಅವಳೇ ಕೆತ್ತಿ ಕೊಡುತ್ತಿದ್ದಳು.

ಮೂರನೇ ಸಾಲಿನ ಒಂದು ಶಬ್ದಕ್ಕೆ ಪೆನ್ನು ನಿಂತಿತು.
"ಇದಕ್ಕೆ ನಮ್ಮಲ್ಲಿ ಏನು ಹೇಳುವುದು?" ಪವಿತ್ರನ್.
ನಿಮ್ಮಲ್ಲೂ ಇದೆ, ಅಂದೆ. ತುಳುವಿನಲ್ಲಿದೆ, ಬ್ಯಾರಿಯಲ್ಲಿದೆ.
ಏಳು ಭಾಷೆಯ ನಾಡೆಂದು ಸ್ವಾಗತ ಭಾಷಣದಲ್ಲಿ ಹೇಳುತ್ತೇವಲ್ಲ,
ಏಳರಲ್ಲೂ ಇದೆ.

ಏಳನೇ ಸಾಲು. ಭಹಿಷ್ಕಾರ.

ಅಯ್ಯೋ.
ಎಷ್ಟು ಸಲ ಕೆಂಪಿನಲ್ಲಿ ಸುತ್ತು ಹಾಕಿದ್ದೆ!
ಬ-ದ ಹೊಟ್ಟೆ ಸೀಳಬೇಡ ಮಾರಾಯ,
ಅದು ಅಲ್ಪಪ್ರಾಣ.
ನಗುತ್ತಿದ್ದ. ಮರುದಿನ ಮತ್ತೆ ಸೀಳಿ ತರುತ್ತಿದ್ದ.
ಇಡೀ ಶಾಲೆಯಲ್ಲಿ ಇವನೊಬ್ಬನೇ.

ಕೈ ರೂಢಿಯಂತೆ ತಿದ್ದಿಯೇ ಬರೆದಿತ್ತು ಮಲಯಾಳದಲ್ಲಿ,
ತಪ್ಪಿಲ್ಲದ ಬ.
ಹಾಗೇ ಬಿಟ್ಟರೆ ಆಯಿತು. ಯಾರಿಗೆ ಗೊತ್ತಾಗುತ್ತದೆ?
ಫ್ಯಾನು ಸುತ್ತುತ್ತಿತ್ತು. ತಾಯಿಗೆ ಯಾವ ಲಿಪಿಯೂ ಬಾರದು,
ಆದರೂ ನನ್ನ ಪೆನ್ನನ್ನೇ ನೋಡುತ್ತಿದ್ದಳು.

ಗೀಟು ಹಾಕಿದೆ.
ಮಲಯಾಳದ ಭ-ವನ್ನೇ ಬರೆದೆ, ಅವನ ಹಾಗೆ.
ಬದಿಯಲ್ಲಿ, ಸಣ್ಣಕ್ಷರದಲ್ಲಿ:
ಮೂಲದಲ್ಲಿ ಹೀಗೆಯೇ ಇದೆ.

"ಇದೆಂಥದು? ಯಾರು ಹೀಗೆ ಬರೆಯುವುದು?"
ಕೇಳಿದರು ಪವಿತ್ರನ್.

ಬೆಂಚಿನಲ್ಲಿ ನಿಶ್ಮಿತ ತಲೆ ಎತ್ತಿದ,
ಹಾಜರಿ ಕರೆದಾಗ ಎತ್ತುತ್ತಿದ್ದ ಹಾಗೆ.