ಹತ್ತರ ಜೊತೆ ಹನ್ನೊಂದು

ವೊಲಾಂಗಾಂಗ್, ಕ್ರೌನ್ ಸ್ಟ್ರೀಟ್, ಮೂರನೇ ಮಹಡಿ.
ಈ ಡಾಕ್ಟರು ವಾಸಿ ಮಾಡುವವರಲ್ಲ, ಅಳೆಯುವವರು.
ಹಾಗೆಂದು ಅವರೇ ಮೊದಲು ಹೇಳಿಬಿಟ್ಟರು.
ಮೇಜಿನ ಮೇಲೆ ದಪ್ಪ ಪುಸ್ತಕ, ಪಕ್ಕದಲ್ಲಿ
ಎರಡು ಕಾಲಿನ ಪ್ಲಾಸ್ಟಿಕ್ ಕೋನಮಾಪಕ,
ನನ್ನ ಕಂಪಾಸ್ ಬಾಕ್ಸಿನದರ ದೊಡ್ಡಣ್ಣ.

‘ಕೈ ಎತ್ತಿ, ಮಿಸೆಸ್ ಹಾಲಪ್ಪ. ಎಷ್ಟಾಗುತ್ತೋ ಅಷ್ಟು.’

ಎತ್ತಿದೆ.
ಆಸ್ಪತ್ರೆಯ ಲಾಂಡ್ರಿಯಲ್ಲಿ ಒಂಬತ್ತು ವರ್ಷ
ಒದ್ದೆ ಶೀಟು ಕೊಡವಿ ಕೊಡವಿ
ಇಸ್ತ್ರಿ ಯಂತ್ರದ ಬಾಯಿಗೆ ಉಣಿಸಿದ ಕೈ.
ಒಂದು ಸೋಮವಾರ ರೋಲರು ಶೀಟಿನ ಜೊತೆ ಇದನ್ನೂ ಎಳೆದುಕೊಂಡಿತು,
ವೆಸ್ನಾ ಓಡಿಬಂದು ಕೆಂಪು ಗುಂಡಿ ಒತ್ತುವವರೆಗೆ.

ಎಂಬತ್ತಕ್ಕೆ ಹಲ್ಲು ಕಚ್ಚಿದೆ.
ತೊಂಬತ್ತಕ್ಕೆ ಕಣ್ಣು ಮಂಜಾಯಿತು.
ಅವರು ಸಾಕು ಅನ್ನಲಿಲ್ಲ.
ಹೊರಗಿನವರೆದುರು ನರಳಬಾರದೆಂದು ಬೆಳೆದವಳು,
ಇನ್ನೆರಡು ಗೆರೆ ಎತ್ತಿದೆ.
ಆ ಎರಡು ಗೆರೆ ನನ್ನ ಮರ್ಯಾದೆ.
ಅದನ್ನೂ ಬರೆದುಕೊಂಡರು.

ಆರು ವಾರದ ಮೇಲೆ ಕಾಗದ ಬಂತು.
ಭುಜವನ್ನು ತೋಳಿಗೆ ಇಳಿಸಿ, ತೋಳನ್ನು
‘ಇಡೀ ಮನುಷ್ಯ’ರಿಗೆ ಹಂಚಿ,
ನಾನು ಕೆಟ್ಟಿರುವುದು ಶೇಕಡಾ ಹನ್ನೊಂದು.
ದುಡ್ಡಿನ ಬಾಗಿಲು ತೆರೆಯುವುದೂ ಹನ್ನೊಂದಕ್ಕೇ.
ಅದರ ಕೆಳಗೆ ಇನ್ನೊಂದು ಸಾಲು:
ಕೀಲಿನಲ್ಲಿ ಹಳೆಯ ಸವೆತ. ಹತ್ತನೇ ಒಂದು ಪಾಲು ಕಳೆ.
ಒಂಬತ್ತು ಪಾಯಿಂಟ್ ಒಂಬತ್ತು.
ದುಂಡಗೆ ಮಾಡಿದರೆ ಹತ್ತು.

ಹಳೆಯದು ಅಂದರೆ ಯಾವುದು?
ದಾವಣಗೆರೆಯ ಬೋರಿನ ಹಿಡಿಕೆ ಜಗ್ಗಿದ್ದೋ,
ಅವ್ವನ ಖಾನಾವಳಿಯಲ್ಲಿ
ದಿನಕ್ಕೆ ಇನ್ನೂರು ರೊಟ್ಟಿ ಬಡಿದದ್ದೋ?
ಆಗ ಒಬ್ಬರೂ ಲೆಕ್ಕ ಇಡಲಿಲ್ಲ.
ಇಷ್ಟು ವರ್ಷಕ್ಕೆ ಲೆಕ್ಕಕ್ಕೆ ಬಂತು ಅಂದರೆ
ಕಳೆಯುವುದಕ್ಕೆ.

ವೆಸ್ನಾಳ ಬೆನ್ನಿಗೆ ಹನ್ನೆರಡು.
ಫೋನಿನಲ್ಲಿ ಅತ್ತಳು, ಖುಷಿಗೆ.
ಒಳ್ಳೆಯದಾಯಿತು ಎಂದೆ. ಒಳಗೆ ಹೊಟ್ಟೆಕಿಚ್ಚು:
ಎಷ್ಟು ಚೆನ್ನಾಗಿ ಕೆಟ್ಟಿದೆ ಅವಳ ಬೆನ್ನು!
ನನ್ನ ಕೈ ಉಳಿಸಿದವಳು.

ಊಟದ ಹೊತ್ತಿಗೆ ಯಾರು ಬಂದರೂ
‘ಹತ್ತರ ಜೊತೆ ಹನ್ನೊಂದು, ಕೂತ್ಕೊಳಪ್ಪ’ ಅನ್ನುತ್ತಿದ್ದಳು ಅವ್ವ.
ಇಲ್ಲಿ ಅವೆರಡರ ನಡುವೆ ಒಂದು ಕೌಂಟರಿದೆ,
ಗಾಜು ಹಾಕಿದ್ದು.

ಸಿಡ್ನಿಯಲ್ಲಿ ಇನ್ನೊಬ್ಬ ಡಾಕ್ಟರಿದ್ದಾರಂತೆ.
ವಕೀಲೆ ಹೇಳಿದಳು:
‘ಈ ಸಲ ನೋವಾದಲ್ಲೇ ನಿಲ್ಲಿಸಿ. ಸುಳ್ಳು ಬೇಡ, ಶೌರ್ಯವೂ ಬೇಡ.’
ನೋವಾದಲ್ಲೇ ನಿಲ್ಲುವ ಅಭ್ಯಾಸವಿದ್ದಿದ್ದರೆ
ಒಂಬತ್ತು ವರ್ಷ ಹೇಗೆ ಆಗುತ್ತಿತ್ತು ತಾಯಿ?
ಆದರೂ ಬಚ್ಚಲ ಕನ್ನಡಿಯ ಮುಂದೆ ಕಲಿಯುತ್ತಿದ್ದೇನೆ.
ಎಪ್ಪತ್ತೈದು. ಎಂಬತ್ತು. ನಿಲ್ಲು.

ಹಿತ್ತಲ ತಂತಿಯಲ್ಲಿ ಬಟ್ಟೆ ಒಣಗಿವೆ,
ಬೆಟ್ಟದಂಚಿನಿಂದ ಮೋಡ ಇಳಿಯುತ್ತಿದೆ.
ಎಡಗೈಯಲ್ಲಿ ಒಂದೊಂದೇ ಕ್ಲಿಪ್ಪು ಕೀಳುತ್ತೇನೆ.
ಬಲಗೈಯೂ ಏಳುತ್ತದೆ ಪಕ್ಕದಲ್ಲಿ,
ಯಾರೂ ಕರೆಯದೆ,
ಎಷ್ಟಾಗುತ್ತೋ ಅಷ್ಟು.