ಹದಿನೇಳನೇ ನಿಮಿಷ

ಹತ್ತು ಗಂಟೆಗೆ ಸ್ವಿಚ್ಚು ಹಾಕುವುದು, ಐದೂವರೆಗೆ ಆರಿಸುವುದು,
ನಡುವೆ ಯಾರೂ ಪರದೆ ಮುಟ್ಟದಂತೆ ನೋಡಿಕೊಳ್ಳುವುದು.
ಇಷ್ಟೇ ನನ್ನ ಕೆಲಸ.
ಮಂಡಿ ಮೊಹಲ್ಲಾದ ಹಳೇ ಊದುಬತ್ತಿ ಗೋಡೌನು.
ಗೋಡೆಗೆಲ್ಲ ಕಪ್ಪು ಬಳಿದಿದ್ದರೂ
ತೇವದ ದಿನ ಇಟ್ಟಿಗೆಯೊಳಗಿಂದ ಸಾಂಬ್ರಾಣಿ ಏಳುತ್ತದೆ.

ಮೂರು ಪರದೆ, ಆರು ಸ್ಪೀಕರು, ಕೂರಲು ಒಂದೇ ಬೆಂಚು.
ಆಲೆಮನೆಯ ಕೊಪ್ಪರಿಗೆ. ಮುಖಗಳಿಲ್ಲ,
ಒಂದು ಕೈ, ಒಂದು ಹುಟ್ಟು, ಆವಿ.
ಸದ್ದು ಮಾತ್ರ ಸುತ್ತಲೂ. ಮೊದಲು ಚಿಟಪಟ, ಆಮೇಲೆ ಕೊತಕೊತ,
ಕೊನೆಗೆ ಹಲ್ಲಿಲ್ಲದ ಯಾರೋ ಮಾತಿಗೆ ಬಾಯಿ ತೆರೆದು
ಸುಮ್ಮನಾದ ಹಾಗೆ ಲೊಚ್, ಲೊಚ್.
ಇಪ್ಪತ್ತೆರಡು ನಿಮಿಷ. ಮತ್ತೆ ಮೊದಲಿಂದ. ದಿನಕ್ಕೆ ಇಪ್ಪತ್ತು ಸಲ.
ಮೊದಲ ವಾರ ತಲೆನೋವು. ಎರಡನೇ ವಾರದಿಂದ
ನನಗೆ ಕೇಳಿಸಲೇ ಇಲ್ಲ.

ಸದ್ದು ಹಿಡಿದವಳು ಶಾಹೀನ್.
"ಕೇಳಿಸಿಕೊಳ್ಳೋದನ್ನೇ ತೋರಿಸಬೇಕು ಅಕ್ಕ" ಎಂದಿದ್ದಳು.
ತೋರಿಸಮ್ಮ, ಅಂದಿದ್ದೆ.

ಒಂದು ಮಂಗಳವಾರ ಪಾಂಡವಪುರದ ಕಡೆಯಿಂದ
ಮಂಚಯ್ಯನವರನ್ನು ಕರೆತಂದಳು. ಆ ಕೈ ಅವರದೇ.
ಚಪ್ಪಲಿ ಹೊರಗೆ ಬಿಟ್ಟು ಬಂದು
ಪರದೆಗೆ ಬೆನ್ನು ಹಾಕಿ ಕೂತರು.
ಈ ಕಡೆ ನೋಡಿ ತಾತ ಎಂದರೆ
"ನೋಡಿವ್ನಿ ಬುಡವ್ವ."

ಹದಿನೇಳನೇ ನಿಮಿಷಕ್ಕೆ ದಡಕ್ಕನೆ ಎದ್ದರು.
ಎರಡೂ ಕೈ, ಅಲ್ಲಿಲ್ಲದ ಕೊಪ್ಪರಿಗೆಯ ಕಿವಿ ಹುಡುಕಿದವು.
"ಹದ ಬಂತು! ಇಳುಸ್ರಪ್ಪಾ, ಯಾಕಿನ್ನೂ ಇಳುಸ್ನಿಲ್ಲ?
ಸೀದೋಯ್ತದೆ!"

ಶಾಹೀನ್ ತಡವರಿಸಿದಳು.
ನಡುವೆ ಯಾರೋ ಕೆಮ್ಮುತ್ತಿದ್ದರು ತಾತ, ಕತ್ತರಿಸಿದೆ.
ಸದ್ದು ಗಿಡ್ಡವಾಯಿತು.
ಕೊನೆಯ ಕುದಿಯನ್ನೇ ಇನ್ನೊಮ್ಮೆ ಅಂಟಿಸಿದೆ.

"ಯಾರೋ ಅಲ್ಲ ಕಣವ್ವ, ಸಣ್ಣತಾಯಿ.
ಒಲೆಬಾಯಲ್ಲಿ ಉರಿ ಹಾಕೋಳು.
ಅವ್ಳು ಕೆಮ್ಮುದ್ರೆ ಸಿಪ್ಪೆ ಹಸಿ ಅಂತ, ಉರಿ ಕುಗ್ತು ಅಂತ.
ಅರ್ಧ ಹದ ನಂಗೆ ಗೊತ್ತಾಗೋದೇ ಅದ್ರಲ್ಲಿ."
ಕೂತರು. ಮೊಣಕಾಲು ಸವರಿಕೊಂಡರು.
"ಅವ್ಳುನ್ನ ಒಂದ್ ಮಾತು ಕೇಳ್ದೇನವ್ವ, ತಗ್ಯಕ್ ಮುಂಚೆ?"

ಶಾಹೀನ್ ಏನೂ ಹೇಳಲಿಲ್ಲ.
ಸ್ಪೀಕರು ಹೇಳುತ್ತಲೇ ಇತ್ತು, ಲೊಚ್.

ಮಾರನೇ ದಿನ ಹೊಸ ಪೆನ್‌ಡ್ರೈವು.
ಈಗ ಹದ ಬಂದಲ್ಲಿಗೆ ನಿಲ್ಲುತ್ತದೆ. ಕತ್ತಲೆ. ಮತ್ತೆ ಚಿಟಪಟ.
ಕೆಮ್ಮು ನಾಲ್ಕು ಸಲ, ಎಡಗಡೆಯ ಕೆಳಗಿನ ಸ್ಪೀಕರಿನಿಂದ,
ನನ್ನ ಕುರ್ಚಿಯ ಪಕ್ಕದಿಂದ.
ಎಲ್ಲೇ ಇದ್ದರೂ ನನಗದು ಕೇಳುತ್ತದೆ,
ಬಚ್ಚಲಲ್ಲಿ ಡಬ್ಬಿ ತೊಳೆಯುವಾಗಲೂ.

ನೋಡಲು ಬಂದವರು ತಿರುಗಿ ನನ್ನನ್ನೇ ನೋಡುತ್ತಾರೆ.
ನಿನ್ನೆ ಕಾಲೇಜಿನ ಹುಡುಗಿಯೊಬ್ಬಳು
ಕತ್ತಲಲ್ಲೇ ನೀರಿನ ಬಾಟಲಿ ಚಾಚಿದಳು.
ನಾನಲ್ಲ ಅನ್ನಲಿಲ್ಲ.
ಕುಡಿದೆ.