ತಳ

ಮೊದಲು ಬೋರಲು ಹಾಕು, ಎನ್ನುತ್ತಿದ್ದಳು
ಈ ದಂಧೆ ಕಲಿಸಿದ ಹೆಸ್ಟರ್.
ಮೈಗೆ ಮರುಳಾಗಬೇಡ, ಮೈ ಎಲ್ಲರಿಗೂ ಹಲ್ಲು ಕಿರಿಯುತ್ತದೆ.
ತಳ ಹಾಗಲ್ಲ,
ತಳಕ್ಕೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

ಭಾನುವಾರ, ಐದೂವರೆ, ಹೇಲ್ ಊರಾಚೆಯ ಬಯಲು.
ಕಡಲಿಂದೆದ್ದ ಮಂಜಿನಲ್ಲಿ
ಕಾರುಗಳು ಡಿಕ್ಕಿ ತೆರೆದು ನಿಂತಿವೆ.
ಟಾರ್ಚು ಹಲ್ಲಲ್ಲಿ ಕಚ್ಚಿ ಸಾಲುಸಾಲು ಹಾಯುತ್ತೇನೆ:
ತುಕ್ಕಿನ ಕತ್ತರಿ, ಕೈ ಮುರಿದ ಗೊಂಬೆ,
ಯಾರದೋ ಮದುವೆಯ ಆರು ಚಮಚೆಗಳಲ್ಲಿ ಐದು.
ನಡುವೆ ಕೂತಿತ್ತು
ಮಳೆಗೆ ನೆನೆದ ಕಲ್ಲಿನ ಬಣ್ಣದ ಭರಣಿ.

ಕಣ್ಣಿಗಿಂತ ಮೊದಲು ಗೊತ್ತಾಗುವುದು ಮಣಿಕಟ್ಟಿಗೆ.
ಕಾರ್ಖಾನೆಯ ಅಚ್ಚಿನದಾದರೆ ಎಲ್ಲೆಡೆ ಒಂದೇ ತೂಕ;
ಇದರದು ಕೆಳಗಿಳಿದು ಕೂತಿತ್ತು,
ಕೂಸು ತೋಳಲ್ಲೇ ನಿದ್ದೆಹೋದಾಗ ಭಾರವಾಗುವಂತೆ.
ಬೋರಲು ಹಾಕಿದೆ.
ಮೆರುಗು ತಾಗದ ಕೆಂಪು ಮಣ್ಣು, ತಂತಿ ಕೊಯ್ದ ಸುಳಿ,
ಬಳೆಯಂಥ ಪಾದದೊಳಗೆ ಉಗುರಿನಷ್ಟು ಮುದ್ರೆ:
ವೃತ್ತದಲ್ಲೊಂದು ಕುಡುಗೋಲು.
ಮೊರ್ವೆನಾ ಟಾಂಕಿನ್! ನಾಲ್ಕೇ ವರ್ಷ ಆವಿಗೆ ಉರಿಸಿದಳು,
ಆಮೇಲೆ ಕೋಳಿ ಸಾಕಿದಳು.
ನನ್ನೆದೆಯ ಬಡಿತ ಮೇಜಿನಾಚೆಗೆ ಕೇಳದಿರಲೆಂದು
ಪಕ್ಕದ ಟೋಸ್ಟರಿನ ಬೆಲೆ ಕೇಳಿದೆ.

ಭರಣಿಗೆ ಎರಡು ಪೌಂಡ್ ಎಂದ ಮುದುಕ ಯೂರೆನ್,
ಫ್ಲಾಸ್ಕಿನ ಟೀ ಊದುತ್ತ.
"ನನ್ನ ತಿರ್ಜಾ ಅದರಲ್ಲಿ ಈರುಳ್ಳಿ ಹುಳಿ ಹಾಕುತ್ತಿದ್ದಳು."
ಚೌಕಾಶಿ ಮಾಡದೆ ಕೊಂಡರೆ ಅನುಮಾನ ಹುಟ್ಟುತ್ತದೆ,
ಇದೂ ಹೆಸ್ಟರಳ ಪಾಠ.
ಬಾಯಂಚಿನೊಳಗಿನ ಬೋಳು ಮೆಟ್ಟಿಲಿಗೆ ಬೆರಳಿಟ್ಟೆ:
"ಮುಚ್ಚಳವಿಲ್ಲವಲ್ಲ?"
ಹೌದಲ್ಲ, ಎಂದು ಭರಣಿಯೊಳಗೇ ಇಣುಕಿದ,
ಅಲ್ಲೆಲ್ಲೋ ಬಿದ್ದಿರಬಹುದೆಂಬಂತೆ.
ಒಂದೂವರೆಗೆ ಕೊಟ್ಟ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.
ನನಗೆ ಅರೆನಿಮಿಷ ಸಾಕಾಯಿತು,
ಒಂದು ಚೂರೂ ಒಡೆಯದೆ.

ಮನೆಯಲ್ಲಿ ಉಗುರಿಂದ ತಟ್ಟಿದೆ: ಟಣ್. ಸೀಳಿಲ್ಲ.
ಮೆಟ್ಟಿಲಡಿಯ ಕತ್ತಲಲ್ಲಿ ನೇರಳೆ ದೀಪ ಹಿಡಿದೆ: ತೇಪೆಯಿಲ್ಲ.
ಅಂಚಿನಲ್ಲಿ ಚಿಗಟ ಕಚ್ಚಿದಷ್ಟು ಚಕ್ಕೆ;
ವಿವರದಲ್ಲಿ ಬರೆದೆ, ನಾನು ಪ್ರಾಮಾಣಿಕಳು.
ಒಳಮೈಯ ಬಿರುಕಿನ ಬಲೆಯಲ್ಲಿ ಮಾತ್ರ ಕಂದು ಕಲೆ,
ನಲವತ್ತು ಚಳಿಗಾಲದ ವಿನೆಗರ್.
ಕಲೆಯಿದ್ದರೆ ನೂರೈವತ್ತು,
ಇಲ್ಲದಿದ್ದರೆ ಮುನ್ನೂರೆಂಬತ್ತು.
ಪೆರಾಕ್ಸೈಡಿನಲ್ಲಿ ಮೂರು ದಿನ ಮುಳುಗಿಸಿಟ್ಟೆ.
ನಾಲ್ಕನೆಯ ದಿನ ಭರಣಿ ಬೆಳ್ಳಗೆ ನೋಡಿತು,
ಯಾರ ಅಡುಗೆಮನೆಯನ್ನೂ ಕಂಡೇ ಇಲ್ಲವೆಂಬಂತೆ.

ಗೆಂಟ್ ಊರಿನ ದಂತವೈದ್ಯರೊಬ್ಬರು ಕೊಂಡರು.
ಡಬ್ಬದೊಳಗೆ ಡಬ್ಬ. ಕಾಗದ ಸುತ್ತುವಾಗ
ಪಾದದ ಬಳಿ ಮೂರು ಬೋಳು ಗುರುತು ಸಿಕ್ಕವು,
ಮೆರುಗಿಗೆ ಅದ್ದುವಾಗ ಮೊರ್ವೆನಾ ಹಿಡಿದ ಜಾಗ.
ನನ್ನ ಬೆರಳೂ ಅಲ್ಲಿ ಸರಿಯಾಗಿ ಕೂತವು.
ಬೇಗ ಬೇಗ ಟೇಪು ಹಚ್ಚಿದೆ.

ತಿಂಗಳ ಮೇಲೆ ಅದೇ ಬಯಲು.
ಯೂರೆನ್ ದೂರದಿಂದಲೇ ಕೂಗಿದ, ವಾರವಾರವೂ ಹುಡುಕಿದನಂತೆ.
ಕೋಟಿನ ಜೇಬಿಂದ ಕಾಲುಚೀಲ ತೆಗೆದ,
ಕಾಲುಚೀಲದಿಂದ ಮುಚ್ಚಳ.
"ನೀವು ಕೇಳಿದಿರಲ್ಲ. ಹೊಲಿಗೆ ಪೆಟ್ಟಿಗೆಯಲ್ಲಿತ್ತು,
ಗುಂಡಿ ತುಂಬಿಟ್ಟಿದ್ದಳು.
ದುಡ್ಡು ಬೇಡ ತಾಯಿ. ಜೋಡಿ ಅಗಲಿಸಬಾರದು."

ಈಗದು ನನ್ನ ಕಿಟಕಿಯಲ್ಲಿದೆ.
ಒಳಗಿನ ಕಂದು ಬಲೆ ಹಾಗೇ ಇದೆ, ತೊಳೆದಿಲ್ಲ.
ಗೆಂಟಿಗೆ ಬರೆಯಬಹುದು: ಮುಚ್ಚಳ ಸಿಕ್ಕಿದೆ, ಇನ್ನೂ ನೂರೈವತ್ತು ಕೊಡಿ.
ಯೂರೆನ್‌ಗೆ ಹೇಳಬಹುದು.
ಏನಂತ?
ಅಭ್ಯಾಸಬಲ, ದಿನಕ್ಕೊಮ್ಮೆ ಬೋರಲು ಹಾಕಿ ನೋಡುತ್ತೇನೆ.
ಮುದ್ರೆಯಿಲ್ಲ.
ಮುಚ್ಚಳಕ್ಕೆ ಯಾರೂ ಮುದ್ರೆ ಒತ್ತುವುದಿಲ್ಲ,
ಕೆಳಗೆ ಭರಣಿ ಇದ್ದೇ ಇರುತ್ತದೆಂಬ ನಂಬಿಕೆ.